ಮೂರಕ್ಕೂ ನಾಲ್ಕಕ್ಕೂ ನಡುವೆ

ನನ್ನ ಮಾವನವರ ಬಗ್ಗೆ ಬರೆಯುತ್ತೇನೆಂದಾಗ ಅತ್ತೆ ಒಂದೇ ಷರತ್ತು ಹಾಕಿದರು. "ಬರಿ, ಬೇಡ ಅನ್ನಲ್ಲ. ಆದ್ರೆ ಅವರ ಥರ ಎಳೀಬೇಡ. ಓದೋರಿಗೂ ಮನೆ ಮಠ ಇರುತ್ತೆ." ಪ್ರಯತ್ನಪಡುತ್ತೇನೆ. ಆದರೆ ಮಾವನ ವಿಷಯವನ್ನು ನಾಲ್ಕು ಮಾತಿನಲ್ಲಿ ಮುಗಿಸುವುದು ಮಾವನಿಗೇ ಅವಮಾನ ಮಾಡಿದಂತೆ.

ಮಾವ ವಿಶ್ವವಿದ್ಯಾಲಯದಲ್ಲಿ ಲಿಫ್ಟ್ ನಡೆಸುತ್ತಿದ್ದರು. ಗುಂಡಿ ಒತ್ತಿದರೆ ತಾನೇ ಬಾಗಿಲು ಮುಚ್ಚಿಕೊಂಡು ಹೋಗುವ ಈಗಿನ ಲಿಫ್ಟ್ ಅಲ್ಲ. ಐದು ಮಹಡಿಯ ಹಳೆಯ ಕಲ್ಲುಕಟ್ಟಡ. ಸುತ್ತಿ ಸುತ್ತಿ ಹತ್ತುವ ಮೆಟ್ಟಿಲು. ಆ ಮೆಟ್ಟಿಲ ನಡುವೆ ಕಬ್ಬಿಣದ ಜಾಲರಿಯ ಗೂಡು. ಗೂಡಿನೊಳಗೆ ಮರದ ಹಲಗೆ ಹೊಡೆದ ಒಂದು ಡಬ್ಬಿ ಕಿರ್ರೆನ್ನುತ್ತ ಏರುತ್ತದೆ, ಇಳಿಯುತ್ತದೆ. ಎಳೆದರೆ ಮಡಚಿಕೊಳ್ಳುವ ಕಬ್ಬಿಣದ ಬಾಗಿಲು, ಕೈ ಉಜ್ಜಿ ಉಜ್ಜಿ ಹೊಳೆಯುವ ಹಿತ್ತಾಳೆಯ ಹಿಡಿಕೆ, ಮೂಲೆಯಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಮಾವ. ಬಾಗಿಲು ಎಳೆದು, ಹಿಡಿಕೆ ತಿರುಗಿಸಿ, ಮಹಡಿಗೆ ಸಮನಾಗಿ ನಿಲ್ಲಿಸುವುದು ಅವರ ಕೆಲಸ. ಸಂಬಳ ಅದಕ್ಕೆ. ಉಳಿದದ್ದನ್ನೆಲ್ಲ ಅವರು ಪುಕ್ಕಟೆಯಾಗಿ ಮಾಡುತ್ತಿದ್ದರು. ಉಳಿದದ್ದು ಎಂದರೆ ಮಾತು.

ಓದುವ ಹುಡುಗರು ಅವರಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ಅತ್ತೆಗೆ ಇದು ಒಪ್ಪಿಗೆ ಇರಲಿಲ್ಲ. "ರೇಡಿಯೋ ಆದ್ರೆ ಕಿವಿ ತಿರುಪಿದ್ರೆ ನಿಲ್ಲುತ್ತೆ" ಅನ್ನುತ್ತಿದ್ದರು. ಅತ್ತೆಗೆ ಕಿವಿ ಮಂದ. ಡಾಕ್ಟರು ಕೊಟ್ಟ ಒಂದು ಯಂತ್ರವಿದೆ, ಅದನ್ನು ಕಿವಿಗೆ ಸಿಕ್ಕಿಸಿಕೊಂಡರೆ ಎಲ್ಲವೂ ಕೇಳುತ್ತದೆ. ಸಂಜೆ ಗೇಟಿನ ಸದ್ದಾಗುತ್ತಲೇ ಅತ್ತೆ ಆ ಯಂತ್ರವನ್ನು ತೆಗೆದು ಡಬ್ಬಿಯಲ್ಲಿಟ್ಟು, ತರಕಾರಿ ಹೆಚ್ಚುತ್ತ ಕೂತುಬಿಡುತ್ತಿದ್ದರು. ಮಾವ ಬಂದು ಎದುರು ಕೂತು, ಬೆಳಗಿನಿಂದ ಸಂಜೆಯ ತನಕ ನಡೆದದ್ದನ್ನೆಲ್ಲ ಹೇಳುತ್ತಿದ್ದರು. ಅತ್ತೆ ನಡುನಡುವೆ "ಹೌದಾ" ಅನ್ನುತ್ತಿದ್ದರು. ಮದುವೆಯಾಗಿ ಹೊಸದರಲ್ಲಿ ಇದನ್ನು ಕಂಡು ನನಗೆ ಮಾವನ ಮೇಲೆ ಕನಿಕರವಾಗಿತ್ತು. ಆಮೇಲೆ ಒಂದು ವಾರ ಅವರ ಎದುರು ನಾನೇ ಕೂತೆ. ಕನಿಕರ ಅತ್ತೆಯ ಕಡೆಗೆ ಹೋಯಿತು.

ಅವರ ಮಗ, ಎಂದರೆ ನನ್ನ ಗಂಡ, ಲಾರಿ ಓಡಿಸುತ್ತಾರೆ. ಅಪ್ಪನ ಎದುರು ಬಾಯಿ ತೆರೆಯಲು ಸಂದಿ ಸಿಗದೆ ಬೆಳೆದವರು. ಈಗ ಸಂದಿ ಸಿಕ್ಕರೂ ಅಭ್ಯಾಸವಿಲ್ಲ.

ಮಾವನ ಕಥೆಗಳು ಕೆಟ್ಟವೇನಲ್ಲ. ತೊಂದರೆ ಇದ್ದದ್ದು ಕಟ್ಟಡದಲ್ಲಿ. ಐದು ಮಹಡಿಗೆ ಮುಗಿಯುವ ಕಥೆ ಅವರ ಹತ್ತಿರ ಒಂದೂ ಇರಲಿಲ್ಲ. ಕಥೆ ಕುದುರುವ ಹೊತ್ತಿಗೆ ಮಹಡಿ ಬರುತ್ತಿತ್ತು, ಕೇಳುವವರು ಇಳಿದು ಹೋಗುತ್ತಿದ್ದರು. ಇದಕ್ಕೆ ಅವರು ಒಂದು ಉಪಾಯ ಕಂಡುಕೊಂಡಿದ್ದರು. ಆ ಕಬ್ಬಿಣದ ಬಾಗಿಲು ಪೂರ್ತಿ ಮುಚ್ಚಿದ್ದರೆ ಮಾತ್ರ ಲಿಫ್ಟ್ ಓಡುತ್ತದೆ. ಬೆರಳಗಲ ಸರಿದರೂ ಕರೆಂಟು ಕಡಿದು ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಮಾವ ಮಾತಾಡುತ್ತಲೇ ಮೊಣಕೈಯಿಂದ ಬಾಗಿಲನ್ನು ಚೂರೇ ಚೂರು ತಳ್ಳುವರು. ಲಿಫ್ಟ್ ಗಕ್ಕನೆ ನಿಲ್ಲುವುದು. "ಕೆಟ್ಟೋಯ್ತು ನೋಡಿ ಸಾರ್. ಮೇಲೆ ಮೋಟರು ಬಿಸಿಯಾಗಿದೆ. ಸ್ವಲ್ಪ ತಣ್ಣಗಾಗ್ಲಿ. ಹಾಂ, ಏನು ಹೇಳ್ತಿದ್ದೆ?" ಕಥೆ ಮುಗಿದ ಕೂಡಲೇ ಮೋಟರು ತಣ್ಣಗಾಗುತ್ತಿತ್ತು.

ಎಲ್ಲರಿಗೂ ಗೊತ್ತಿದ್ದ ಗುಟ್ಟು ಇದು. ಕಚೇರಿಗೆ ಕರೆಸಿ ಬೈದರು, ಮಾವ ಆ ಬೈಗುಳವನ್ನೇ ಒಂದು ಕಥೆ ಮಾಡಿಕೊಂಡು ಬಂದರು. ಅವಸರ ಇದ್ದವರು, ಮೊಣಕಾಲು ಗಟ್ಟಿ ಇದ್ದವರು ಮೆಟ್ಟಿಲು ಹಿಡಿದರು. ಲಿಫ್ಟಿಗೆ ಬರುತ್ತಿದ್ದವರು ಗರ್ಭಿಣಿಯರು, ಮುದುಕರು, ಪುಸ್ತಕದ ಪೆಟ್ಟಿಗೆ ಹೊತ್ತವರು ಮತ್ತು ಹೊಸಬರು.

ಇನ್ನೂ ಒಂದು ಜಾತಿಯವರು ಬರುತ್ತಿದ್ದರು. ಪರೀಕ್ಷೆಯಲ್ಲಿ ನಪಾಸಾಗಿ, ಊರಿಗೆ ಏನೆಂದು ಹೇಳಲಿ ಎಂದು ತಿಳಿಯದೆ, ಅಳುವುದಕ್ಕೆ ಜಾಗ ಹುಡುಕುವ ಮಕ್ಕಳು. ಅಂಥವರು ಹತ್ತಿದರೆ ಮಾವ ಬೇರೆ ಯಾರನ್ನೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಮೇಲೆ, ಕೆಳಗೆ, ಮತ್ತೆ ಮೇಲೆ, ಮತ್ತೆ ಕೆಳಗೆ. ಹೊರಗೆ ನಿಂತವರು ಬೈದರೂ ಸರಿ. "ಎಷ್ಟನೇ ಮಹಡಿ?" ಎಂದು ಕೇಳುತ್ತಿರಲಿಲ್ಲ. ಆ ಮಕ್ಕಳು ಮುಖ ಒರೆಸಿಕೊಳ್ಳುವ ತನಕ ಮಾವ ತಮ್ಮ ಪಾಡಿಗೆ ತಾವು ಮಾತಾಡುತ್ತಿದ್ದರು, ಮಕ್ಕಳ ಕಡೆ ನೋಡದೆ, ಹಿತ್ತಾಳೆಯ ಹಿಡಿಕೆಯ ಕಡೆ ನೋಡುತ್ತ. ಇದನ್ನು ಮಾವ ಯಾವತ್ತೂ ಹೇಳಿಕೊಂಡಿರಲಿಲ್ಲ. ನನ್ನ ಔಷಧಿ ಅಂಗಡಿಗೆ ಬರುವ ಒಬ್ಬ ಡಾಕ್ಟರಮ್ಮ, ನಾನು ಯಾರ ಸೊಸೆ ಎಂದು ಗೊತ್ತಾದ ಮೇಲೆ, ಕೌಂಟರಿನ ಆಚೆ ನಿಂತು ಹೇಳಿದ್ದು. ಅವರೂ ಒಂದು ಕಾಲದಲ್ಲಿ ಹಾಗೆ ಮೇಲೆ ಕೆಳಗೆ ಓಡಾಡಿದ್ದರಂತೆ.

ಈಗ ಆ ದಿನದ ವಿಷಯ. ಇದನ್ನು ನಾನು ಮಾವನ ಬಾಯಿಂದ ಕೇಳಿದ್ದು ಒಂದೇ ಸಲ, ಪೊಲೀಸರ ಮುಂದೆ. ನನ್ನ ಗಂಡ ಲೋಡು ತುಂಬಿಕೊಂಡು ದೂರ ಹೋಗಿದ್ದರಿಂದ ಠಾಣೆಗೆ ಅವರ ಜೊತೆ ಹೋದವಳು ನಾನು.

ಅವತ್ತು ಐದನೇ ಮಹಡಿಯ ದೊಡ್ಡ ಹಾಲಿನಲ್ಲಿ ಪರೀಕ್ಷೆ. ಹಾಲು ತುಂಬಿತ್ತು. ಹಿಂದಿನ ವರ್ಷ ಹೆಸರು ತೆಗೆದು ಹೊರಗೆ ಹಾಕಿದ್ದ ಒಬ್ಬ ಹುಡುಗ ಬೆಳಿಗ್ಗೆ ಪಿಸ್ತೂಲು ಹಿಡಿದು ಕಟ್ಟಡದೊಳಗೆ ಬಂದ. ಅವನ ಜೊತೆ ಓದಿದವರು, ಅವನಿಗೆ ಕಲಿಸಿದವರು ಎಲ್ಲರೂ ಆ ಹಾಲಿನಲ್ಲಿದ್ದರು. ಅವನು ಹೊರಟಿದ್ದು ಅಲ್ಲಿಗೆ. ಒಂದನೇ ಮಹಡಿ ದಾಟಿದ ಮೇಲೆ ಮೆಟ್ಟಿಲ ತಿರುವಿನಲ್ಲಿ ಭೂಗೋಳದ ಮೇಷ್ಟ್ರು ಅವನ ಕಣ್ಣಿಗೆ ಬಿದ್ದರು. ಅವರಿಗೂ ಅವನಿಗೂ ಏನೇನೂ ಸಂಬಂಧವಿಲ್ಲ. ಕೈಯಲ್ಲಿದ್ದದ್ದನ್ನು ನೋಡಿ "ಏನಪ್ಪಾ ಅದು?" ಎಂದರಂತೆ. ಅಷ್ಟಕ್ಕೇ ಗುಂಡು ಹಾರಿಸಿದ. ಮೇಷ್ಟ್ರು ಅಲ್ಲೇ ಹೋದರು.

ಮಾವ ಆಗ ಎರಡನೇ ಮಹಡಿಯಲ್ಲಿ ಯಾರನ್ನೋ ಇಳಿಸಿ ಬಾಗಿಲು ತೆರೆದುಕೊಂಡು ನಿಂತಿದ್ದರು. ಸದ್ದು ಕೇಳಿ, ಯಾರೋ ಹಲಗೆ ಬೀಳಿಸಿದರು ಅಂದುಕೊಂಡರು. ಅಷ್ಟರಲ್ಲಿ ಆ ಹುಡುಗ ಮೆಟ್ಟಿಲು ಹತ್ತಿ ಬಂದ. ಮಹಡಿಯಲ್ಲಿದ್ದವರು ಕಿರುಚಿಕೊಂಡು ಬಾಗಿಲು ಹಾಕಿಕೊಂಡರು. ಎದುರಿಗೆ ತೆರೆದಿದ್ದದ್ದು ಲಿಫ್ಟ್ ಒಂದೇ. ನುಗ್ಗಿ ಬಂದು "ಐದು" ಎಂದ.

ಮಾವ ಪಿಸ್ತೂಲು ನೋಡಿದರು. ಐದರಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಿತ್ತು. ಬೆಳಗಿನಿಂದ ಎಷ್ಟು ಮಕ್ಕಳನ್ನು ಅವರೇ ಮೇಲೆ ಬಿಟ್ಟಿದ್ದರು. ಬಾಗಿಲು ಎಳೆದರು, ಹಿಡಿಕೆ ತಿರುಗಿಸಿದರು. ಮೂರನೇ ಮಹಡಿ ದಾಟಿತು. ಮೊಣಕೈ ತನ್ನ ಕೆಲಸ ಮಾಡಿತು. ಮೂರಕ್ಕೂ ನಾಲ್ಕಕ್ಕೂ ನಡುವೆ ಲಿಫ್ಟ್ ನಿಂತಿತು.

"ನಡ್ಸು" ಎಂದು ಹುಡುಗ ಪಿಸ್ತೂಲನ್ನು ಮಾವನ ಎದೆಗೆ ಹಿಡಿದ.

"ನಡೀಬೇಕಲ್ಲಪ್ಪಾ" ಎಂದರು ಮಾವ. "ಮೇಲೆ ಮೋಟರು ಬಿಸಿಯಾಗಿದೆ. ತಣ್ಣಗಾಗೋ ತನಕ ನೀನೂ ಇಲ್ಲೇ, ನಾನೂ ಇಲ್ಲೇ. ನನ್ನ ಕೊಂದ್ರೂ ಇಲ್ಲೇ ಇರ್ತೀಯ. ಸುಮ್ನೆ ಕೂತಿರ್ತೀಯ, ಅಷ್ಟೇ ಲಾಭ."

ಇದನ್ನು ಬರೆದುಕೊಳ್ಳುತ್ತಿದ್ದ ಇನ್ಸ್‌ಪೆಕ್ಟರ್ ತಲೆಯೆತ್ತಿ ನೋಡಿದರು. "ಭಯ ಆಗ್ಲಿಲ್ವೇನ್ರೀ?"

"ಆಯ್ತು ಸಾರ್. ಭಯ ಆದ್ರೆ ನಂಗೆ ಮಾತು ಜಾಸ್ತಿ."

"ಏನು ಮಾತಾಡಿದ್ರಿ?"

"ಎಲ್ಲಾ" ಎಂದರು ಮಾವ. ಆ ಎಲ್ಲದರಲ್ಲಿ ಅತ್ತೆಯ ಕಿವಿಯ ಯಂತ್ರವಿತ್ತು, ಮಗನ ಮೌನವಿತ್ತು, ನಾನೂ ಇದ್ದೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆ, ಆದರೂ ಮನೆಯಲ್ಲಿ ಹುಡುಕಿದರೆ ಒಂದು ತಲೆನೋವಿನ ಮಾತ್ರೆ ಸಿಗಲ್ಲ ಎಂದು ಆ ಕೊಲೆಗಾರನಿಗೆ ಹೇಳಿದ್ದರಂತೆ. ಪಕ್ಕದಲ್ಲೇ ಕೂತಿದ್ದ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇನ್ಸ್‌ಪೆಕ್ಟರ್ ಪೆನ್ನು ಬಾಯಿಗಿಟ್ಟುಕೊಂಡು ಬೇರೆ ಕಡೆ ನೋಡಿದರು.

ಹುಡುಗ ಮೊದಲು ಬೈದ. ಆಮೇಲೆ ಪಿಸ್ತೂಲಿನ ಹಿಡಿಯಿಂದ ಮಾವನ ಹಣೆಗೆ ಹೊಡೆದ; ಹುಬ್ಬು ಸೀಳಿತು. ಮಾವ ಒಂದು ಕೈಯಲ್ಲಿ ರಕ್ತ ಒತ್ತಿಹಿಡಿದುಕೊಂಡು ಇನ್ನೊಂದು ಕೈಯನ್ನು ಆಡಿಸುತ್ತ ಮಾತು ಮುಂದುವರಿಸಿದರು. ಜಾಲರಿಯ ಆಚೆ ಯಾರೋ ಓಡಿದ ಸದ್ದು, ಮೇಲೆ ಬೆಂಚು ಎಳೆದ ಸದ್ದು ಕೇಳುತ್ತಿತ್ತು. ಹಾಲಿನ ಮಕ್ಕಳನ್ನು ಕಟ್ಟಡದ ಹಿಂಬದಿಯ ಮೆಟ್ಟಿಲಿನಿಂದ ಇಳಿಸುತ್ತಿದ್ದಾರೆ ಎಂದು ಮಾವನಿಗೆ ಅಂದಾಜಾಯಿತು. ಆ ಸದ್ದು ಹುಡುಗನಿಗೆ ಕೇಳದಿರಲಿ ಎಂದು ಇನ್ನೂ ಗಟ್ಟಿಯಾಗಿ ಮಾತಾಡಿದರು. ಒಂದು ಹಂತದಲ್ಲಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹುಡುಗ ಕೇಳಿದ. "ಆಮೇಲೆ?"

ಪೊಲೀಸರ ಮುಂದೆ ಇಷ್ಟು ಹೇಳಿ ಮಾವ ಹುಬ್ಬಿನ ಪಟ್ಟಿ ಮುಟ್ಟಿಕೊಂಡರು. "ಇಷ್ಟು ವರ್ಷದಲ್ಲಿ ಆ ಲಿಫ್ಟಲ್ಲಿ ನಂಗೆ 'ಆಮೇಲೆ' ಅಂದವನು ಅವನೊಬ್ಬನೇ ಸಾರ್."

ಕೊನೆಗೆ ಹುಡುಗ ನೆಲದ ಮೇಲೆ ಕೂತ. "ಕೆಟ್ಟಿಲ್ಲ ಅಲ್ವಾ ಇದು?" ಎಂದು ಕೇಳಿದ. ಮಾವ ಸುಳ್ಳು ಹೇಳಲಿಲ್ಲ. "ಇಲ್ಲಪ್ಪಾ" ಎಂದರು. ಅವನು ಪಿಸ್ತೂಲನ್ನು ಸ್ಟೂಲಿನ ಕೆಳಗೆ ತಳ್ಳಿ "ಕೆಳಗೆ ಹೋಗೋಣ" ಎಂದ. ಕೆಳಗೆ ಪೊಲೀಸರು ಕಾಯುತ್ತಿದ್ದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಪತ್ರಿಕೆಯವರಿಗೆ ಮುಗಿಯಿತು. ಒಂದು ಹಾಲು ತುಂಬ ಮಕ್ಕಳು ಬದುಕಿದರು, ಎಲ್ಲರೂ ಮಾವನನ್ನು ಹೊಗಳಿದರು, ಹೊಗಳಿದ್ದು ಹೆಚ್ಚಾಯಿತು ಎಂದು ನಾನು ಈಗಲೂ ಹೇಳಲಾರೆ. ಆದರೆ ಆ ಲಿಫ್ಟ್ ಕೆಳಗಿಳಿಯುವಾಗ ಜಾಲರಿಯ ಆಚೆ ಮೆಟ್ಟಿಲು ಕಾಣುತ್ತದೆ. ಯಾರಿಗೆ ಗುಂಡು ಬಿದ್ದಿದೆ ಎಂಬುದು ಮಾವನಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಎರಡನೇ ಮಹಡಿಯ ಕೆಳಗೆ, ತಿರುವಿನಲ್ಲಿ, ಯಾರೋ ಮೇಷ್ಟ್ರ ಮುಖಕ್ಕೆ ಬಟ್ಟೆ ಹೊದಿಸಿದ್ದರು. ಸ್ಟೂಲಿನ ಮೇಲೆ ಕೂತೇ ಜೀವನ ಕಳೆದ ಮಾವನಿಗೆ ಜನರ ಷೂ ನೋಡಿದರೆ ಸಾಕು. ಗುರುತು ಸಿಕ್ಕಿತು.

ಠಾಣೆಯಿಂದ ಬಂದ ಮೇಲೆ ಮಾವ ಮಾತು ಬಿಟ್ಟರು. ಮೂಕರಾದರು ಅಂತಲ್ಲ. ನೀರು ಕೊಡು, ಸಾಕು, ಹೂಂ, ಬಾಗಿಲು ಹಾಕಿದ್ಯಾ. ಅಷ್ಟೇ. ಸಂಜೆ ಬಂದು ಅತ್ತೆಯ ಎದುರು ಕೂರುವರು, ಕೂತೇ ಇರುವರು. ಡಾಕ್ಟರು "ಆಘಾತ ಆಗಿದೆ, ತಾನೇ ಸರಿಹೋಗುತ್ತೆ" ಎಂದರು. ವಿಶ್ವವಿದ್ಯಾಲಯದವರು ದೊಡ್ಡ ಸಮಾರಂಭ ಮಾಡಿ ಫಲಕ ಕೊಟ್ಟರು. ಜೀವಮಾನದಲ್ಲಿ ಮೊದಲ ಸಲ ಅವರ ಕೈಗೆ ಮೈಕು ಸಿಕ್ಕಿತು, ಎದುರಿಗೆ ಎದ್ದು ಹೋಗದ ಸಭೆ. ಮಾವ ಮೈಕನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತರು. ಆಮೇಲೆ ಪಕ್ಕದವರ ಕೈಗೆ ಕೊಟ್ಟು ಇಳಿದು ಬಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಂಥ ವಿನಯ ಎಂದು ನನ್ನ ಹಿಂದೆ ಯಾರೋ ಅಂದರು. ತಿರುಗಿ ನಾಲ್ಕು ಅನ್ನಬೇಕು ಅನ್ನಿಸಿತು. ಈ ಮನುಷ್ಯನಿಗೆ ವಿನಯ ಎಲ್ಲಿಂದ ಬರಬೇಕು, ಏನೋ ಆಗಿದೆ ಅವರಿಗೆ!

ಕೆಲಸಕ್ಕೆ ಮರಳಿದರು. ಈಗ ಲಿಫ್ಟಿಗೆ ಸಾಲು. ಮೊದಲು ಅವರನ್ನು ಕಂಡರೆ ಮೆಟ್ಟಿಲಿಗೆ ಓಡುತ್ತಿದ್ದ ಹುಡುಗರೆಲ್ಲ, ಎರಡನೇ ಮಹಡಿಗೆ ಹೋಗುವವರೂ ಸಹ, ಒಳಗೆ ತುಂಬಿಕೊಂಡು ಕಾಯುವರು. ಮಾವ "ಎಷ್ಟನೇ ಮಹಡಿ?" ಎಂದು ಕೇಳಿ ಹಿಡಿಕೆ ತಿರುಗಿಸುವರು. ಲಿಫ್ಟ್ ಒಂದು ಸಲವೂ ನಡುವೆ ನಿಲ್ಲಲಿಲ್ಲ.

ಮನೆಯಲ್ಲಿ ಅತ್ತೆ ಕಿವಿಯ ಯಂತ್ರವನ್ನು ತೆಗೆಯುವುದನ್ನೇ ಬಿಟ್ಟರು. ಬೆಳಿಗ್ಗೆ ಎದ್ದ ಕೂಡಲೇ ಸಿಕ್ಕಿಸಿಕೊಂಡರೆ ಮಲಗುವ ತನಕ ಅದು ಕಿವಿಯಲ್ಲೇ. ನಾನೇನೂ ಕೇಳಲಿಲ್ಲ. ಅವರೇ ಒಂದು ದಿನ ಬಟ್ಟೆ ಮಡಚುತ್ತ ಹೇಳಿದರು. "ಮಾತಾಡಿದ್ರೆ ತಪ್ಪಿಹೋಗ್ಬಾರ್ದಲ್ಲಮ್ಮಾ."

ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಹೇಳಲಾರೆ. ಬಾಯಿ ಮುಚ್ಚಿಸಬೇಕೆಂದು ನಾವೆಲ್ಲ ಎಷ್ಟು ಪಾಡುಪಟ್ಟಿದ್ದೆವು, ಈಗ ಆ ಬಾಯಿ ತೆರೆಯದಿದ್ದರೆ ಮನೆಯೇ ಮನೆಯಲ್ಲ.

ಒಂದು ಬೆಳಿಗ್ಗೆ ನಾನು ಟೀ ಸೋಸುತ್ತಿದ್ದೆ. ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಮೇಷ್ಟ್ರು ಅವತ್ತು ಲಿಫ್ಟ್ ತನಕ ಬಂದಿದ್ರಮ್ಮಾ" ಎಂದರು.

ನಾನು ಪಾತ್ರೆ ಕೆಳಗಿಟ್ಟೆ.

"ಭೂಗೋಳದ ಮೇಷ್ಟ್ರು. ಕೆಳಗೆ, ಬೆಳಿಗ್ಗೆ. ಬಾಗಿಲ ಹತ್ರ ಬಂದ್ರು, ಒಂದು ಕಾಲು ಒಳಗಿಟ್ಟಿದ್ರು. ನಾನು ನೋಡಿ ಖುಷಿಯಾಗಿ 'ಬನ್ನಿ ಸಾರ್, ನಮ್ಮ ಬೀಗರದ್ದೊಂದು ಕಥೆ ಇದೆ' ಅಂದೆ. ಅವರು ವಾಚು ನೋಡ್ಕೊಂಡ್ರು. ನಕ್ಕರು. ಅವರು ಯಾವತ್ತೂ ಬೈದವರಲ್ಲ. 'ಇನ್ನೊಂದ್ಸಲ ಕೇಳ್ತೀನಿ, ಇವತ್ತು ಮೆಟ್ಟಿಲು ಹತ್ತಿ ಹೋಗ್ತೀನಿ' ಅಂತ ಕಾಲು ತೆಗೆದ್ರು." ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಲಿಫ್ಟಲ್ಲಿ ಬಂದಿದ್ರೆ ಮೂರನೇ ಮಹಡೀಲಿ ಇಳಿದು ಅವರ ಕೋಣೆಗೆ ಹೋಗಿರೋರು. ನನ್ನ ಬಾಯಿಗೆ ಹೆದರಿ ಮೆಟ್ಟಿಲಿಗೆ ಹೋದ್ರು."

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅದು ನಿಮ್ಮ ತಪ್ಪಲ್ಲ ಮಾವ, ಪಿಸ್ತೂಲು ಹಿಡಿದವನು ಬೇರೆ, ಅವನನ್ನು ನೀವು ಕರೆದಿರಾ, ಐದನೇ ಮಹಡಿಯ ಮಕ್ಕಳ ಬಗ್ಗೆ ಯೋಚನೆ ಮಾಡಿ. ಎಲ್ಲ ನಿಜ, ಎಲ್ಲ ದಂಡ. ಅವರು ಕೇಳಿಸಿಕೊಂಡು "ಅವರ ಮನೆಯವರಿಗೆ ಹೇಳ್ಬೇಕು" ಎಂದರು.

ಅತ್ತೆ ಸುತರಾಂ ಒಪ್ಪಲಿಲ್ಲ. ಗಂಡನನ್ನು ಕಳೆದುಕೊಂಡವಳ ಮುಂದೆ ಹೋಗಿ ಗಾಯದ ಮೇಲೆ ಉಪ್ಪು ಸವರಬೇಕೇ ಎಂದರು. ನನ್ನ ಗಂಡ ಫೋನಿನಲ್ಲಿ ಎಲ್ಲ ಕೇಳಿ "ಹೋಗ್ಲಿ ಬಿಡು, ಕರ್ಕೊಂಡು ಹೋಗು" ಎಂದರು. ಅವರ ಮಟ್ಟಿಗೆ ಅದು ಭಾಷಣ. ನನಗಿದ್ದ ಹೆದರಿಕೆ ಬೇರೆ. ಆ ಹೆಂಗಸು "ಹೌದು, ನಿನ್ನಿಂದಲೇ" ಎಂದುಬಿಟ್ಟರೆ ಮಾವ ಅದನ್ನು ನಂಬುತ್ತಾರೆ, ಮತ್ತೆ ಈ ಜನ್ಮದಲ್ಲಿ ಬಾಯಿ ತೆರೆಯುವುದಿಲ್ಲ. ಅದು ನನಗೆ ಖಂಡಿತ ಗೊತ್ತಿತ್ತು. ಆದರೂ ಕರೆದುಕೊಂಡು ಹೋದೆ, ಯಾಕೆಂದರೆ ಹೇಳದೆ ಉಳಿದರೂ ತೆರೆಯುವಂತಿರಲಿಲ್ಲ.

ಭಾನುವಾರ ಮಧ್ಯಾಹ್ನ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಮಾವ ಕಿಟಕಿಯ ಹೊರಗೆ ನೋಡಿದರು. ಎದುರು ಸೀಟಿನಲ್ಲಿ ಒಬ್ಬ ಮುದುಕರು ತಾವಾಗಿಯೇ ಮಾತಿಗೆಳೆದರು, ಹವೆ, ಬಸ್ಸು, ಮೊಣಕಾಲು. ಮಾವ "ಹೂಂ" ಎಂದರು. ಹಿಂದೆ ಹೀಗಾಗಿದ್ದರೆ ಆ ಮುದುಕರು ಮುಂದಿನ ನಿಲ್ದಾಣದಲ್ಲೇ ಇಳಿದು ನಡೆಯುತ್ತಿದ್ದರು.

ಮೇಷ್ಟ್ರ ಮನೆ ಒಂದು ಗಲ್ಲಿಯ ಕೊನೆಯಲ್ಲಿತ್ತು, ಮಹಡಿಯ ಮೇಲಲ್ಲ, ನೆಲದ ಮಟ್ಟದಲ್ಲಿ. ಬಾಗಿಲು ತೆರೆದೇ ಇತ್ತು. ಒಳಗೆ ಮೇಷ್ಟ್ರ ಹೆಂಡತಿ ಒಂದು ಕುರ್ಚಿಯ ಮೇಲೆ ಹತ್ತಿ ದೀಪದ ಬಲ್ಬು ಬದಲಿಸಲು ಕೈ ಚಾಚುತ್ತಿದ್ದರು. ಗಿಡ್ಡ ಹೆಂಗಸು. ಎಟುಕುತ್ತಿರಲಿಲ್ಲ. ಮೇಷ್ಟ್ರು ಉದ್ದ, ಅವರಿಗೆ ಕುರ್ಚಿಯೂ ಬೇಕಿರಲಿಲ್ಲವೇನೋ.

"ಇಳೀರಿ ಅಮ್ಮಾ, ಬೀಳ್ತೀರಿ. ನಾನು ಹಾಕ್ತೀನಿ" ಎಂದು ಮಾವ ಒಳಗೆ ನಡೆದೇಬಿಟ್ಟರು. ನೀವು ಯಾರು ಎಂದೂ ಕೇಳದೆ ಮೇಷ್ಟ್ರ ಹೆಂಡತಿ ಇಳಿದು ಬಲ್ಬನ್ನು ಕೈಗೆ ಕೊಟ್ಟರು. ಮಾವ ಹಾಕಿದರು, ಹಚ್ಚಿ ನೋಡಿದರು, ಇಳಿದರು. ಆಮೇಲೆ ಕುರ್ಚಿಯ ಬೆನ್ನು ಹಿಡಿದುಕೊಂಡೇ, ಕೂತುಕೊಳ್ಳದೆ, ಎಲ್ಲವನ್ನೂ ಹೇಳಿದರು. ತಾನು ಯಾರು, ಮೇಷ್ಟ್ರು ಲಿಫ್ಟಿಗೆ ಕಾಲಿಟ್ಟದ್ದು, ತಾನು ಬಾಯಿ ತೆರೆದದ್ದು, ಅವರು ವಾಚು ನೋಡಿದ್ದು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಅಷ್ಟು ಚಿಕ್ಕದಾಗಿ ಅವರು ಏನನ್ನಾದರೂ ಹೇಳಿದ್ದನ್ನು ನಾನು ಕಂಡಿರಲಿಲ್ಲ.

ಮೇಷ್ಟ್ರ ಹೆಂಡತಿ ಸುಟ್ಟುಹೋದ ಹಳೆಯ ಬಲ್ಬನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಅದನ್ನು ಮೇಜಿನ ಮೇಲಿಟ್ಟರು. ಉರುಳದ ಹಾಗೆ ಒಂದು ಪುಸ್ತಕ ಒತ್ತಿಟ್ಟರು.

"ಹೌದು" ಎಂದರು. "ನಿಮ್ಮ ಬಾಯಿಗೆ ಹೆದರಿ ಮೆಟ್ಟಿಲು ಹತ್ತೋರು. ದಿನಾ ಮನೆಗೆ ಬಂದು ಕಾಲು ನೋವು ಅಂತ ಬಿಸಿನೀರು ಕಾಯಿಸಿಕೊಳ್ಳೋರು. 'ಆ ಲಿಫ್ಟಿನವನಿಂದ ನನ್ನ ಮಂಡಿ ಹೋಯ್ತು' ಅನ್ನೋರು."

ಮಾವ ತಲೆ ತಗ್ಗಿಸಿದರು.

"ಅದಕ್ಕೇನೀಗ?" ಎಂದು ಅವರು ಗದರಿದರು. ಗದರಿದ್ದೇ. "ಗುಂಡು ಹಾರಿಸಿದ್ದು ನೀವಾ? ನಾನೂ ಅವತ್ತು ಬೆಳಿಗ್ಗೆ ಜಗಳ ಆಡಿ ತಡ ಮಾಡಿಸಿದ್ದೆ. ಜಗಳ ಇಲ್ಲದಿದ್ರೆ ಬೇಗ ಹೋಗಿರೋರು. ಹಾಗಾದ್ರೆ ನಾನೂ ಕೊಂದ ಹಾಗೇನಾ? ಹೇಳಿ!"

"ಇಲ್ಲಮ್ಮಾ" ಎಂದರು ಮಾವ.

"ಮತ್ತೆ? ಕೂತ್ಕೊಳ್ಳಿ."

ನಾವು ಕೂತೆವು. ಅವರೂ ಕೂತರು. ಕಿಟಕಿಯ ಹತ್ತಿರ ಇನ್ನೊಂದು ಕುರ್ಚಿ ಇತ್ತು, ಬೆತ್ತದ್ದು, ಅದರ ತೋಳಿನ ಮೇಲೆ ಕನ್ನಡಕ. ಅದರಲ್ಲಿ ಯಾರೂ ಕೂರುವುದಿಲ್ಲ ಎಂದು ನೋಡಿದರೆ ತಿಳಿಯುತ್ತಿತ್ತು.

"ಬರೋರೆಲ್ಲ ಪಿಸುಮಾತಲ್ಲಿ ಮಾತಾಡ್ತಾರೆ" ಎಂದರು ಅವರು, ಈಗ ಮೆಲ್ಲಗೆ. "ನಾನೇನೋ ಕಾಯಿಲೆಯವಳು ಅನ್ನೋ ಹಾಗೆ. ಧೈರ್ಯ ತಗೋ ಅಂತಾರೆ, ಹೋಗ್ತಾರೆ. ಒಂದು ಬೇರೆ ವಿಷಯ ಇಲ್ಲ." ಮಾವನನ್ನು ನೋಡಿದರು. "ಅವತ್ತು ಅವರಿಗೆ ಏನು ಹೇಳೋಕೆ ಹೊರಟಿದ್ರಿ?"

"ಅದು ಬಿಡಿ ಅಮ್ಮಾ. ಏನೋ ಹುಚ್ಚು ಕಥೆ."

"ಹೇಳಿ. ಅವರು ಕೇಳ್ತೀನಿ ಅಂದಿದ್ರಲ್ಲ, ಅವರ ಬದಲು ನಾನು ಕೇಳ್ತೀನಿ."

ಮಾವ ನನ್ನ ಕಡೆ ನೋಡಿದರು, ಅನುಮತಿ ಕೇಳುವ ಹಾಗೆ. ಕೇಳಬೇಕಾದ್ದೇ, ಯಾಕೆಂದರೆ ಬೀಗರು ಎಂದರೆ ನನ್ನ ಅಪ್ಪ. ಆ ಕಥೆ ಏನೆಂದು ನನಗೆ ಗೊತ್ತಿತ್ತು, ನಮ್ಮ ಮನೆಯ ಮರ್ಯಾದೆ ಅದರಲ್ಲಿ ಎಷ್ಟು ಉಳಿಯುತ್ತದೆ ಎಂಬುದೂ ಗೊತ್ತಿತ್ತು. "ಹೇಳಿ ಮಾವ" ಎಂದೆ.

ಮಾವ ಕೆಮ್ಮಿದರು. "ನಮ್ಮ ಬೀಗರಿಗೆ ಒಬ್ಬರು ಅಣ್ಣ ಇದ್ದಾರೆ. ಇಬ್ಬರಿಗೂ ಮಾತಿಲ್ಲ. ಯಾಕೆ ಅಂತ ಇಬ್ಬರಿಗೂ ಮರೆತುಹೋಗಿದೆ. ಆದ್ರೂ ಮಾತಿಲ್ಲ. ಒಂದೇ ಮನೆ, ಒಂದೇ ಮೇಜಲ್ಲಿ ಊಟ." ಮೇಷ್ಟ್ರ ಹೆಂಡತಿ ತಲೆಯಾಡಿಸಿದರು. "ಇಬ್ಬರದ್ದೂ ಹಲ್ಲು ಹೋಯ್ತು. ಮನೆಯವರು ಇಬ್ಬರನ್ನೂ ಒಂದೇ ಕಾರಲ್ಲಿ ಕೂರಿಸಿ ಹಲ್ಲಿನ ಡಾಕ್ಟರ ಹತ್ರ ಕಳಿಸಿದ್ರು. ಅಳತೆ ತಗೊಂಡ್ರು. ಹಲ್ಲಿನ ಸೆಟ್ಟು ತಯಾರಾಗಿ ಬಂತು, ಎರಡು ಡಬ್ಬಿ. ಅಣ್ಣನ ಡಬ್ಬಿ ತಮ್ಮನ ಕೈಗೆ, ತಮ್ಮನದು ಅಣ್ಣನ ಕೈಗೆ!"

"ಅಯ್ಯೋ" ಎಂದರು ಅವರು.

"ಅಯ್ಯೋ ಅಂದ್ರೆ ಸಾಕಾ? ಇವರಿಗೆ ಸಡಿಲ, ಅವರಿಗೆ ಬಿಗಿ. ಬಾಯಿ ತೆರೆದ್ರೆ ಬೀಳುತ್ತೆ, ಮುಚ್ಚಿದ್ರೆ ಒತ್ತುತ್ತೆ. ಒಂದು ಮಾತು ಕೇಳಿದ್ರೆ ಗೊತ್ತಾಗೋದು. ಆದ್ರೆ ಮಾತಿಲ್ವಲ್ಲ! ನಂಗೆ ಸರಿಯಾಗಿಲ್ಲ ಅಂದ್ರೆ ಅವನು ಒಳಗೊಳಗೇ ನಗ್ತಾನೆ ಅಂತ ಇವರಿಗೆ ಯೋಚನೆ. ಅವರಿಗೂ ಅದೇ." ಮಾವನ ಕೈ ಕುರ್ಚಿಯ ತೋಳು ಬಿಟ್ಟು ಮೇಲೆ ಬಂದಿತ್ತು. "ಊಟಕ್ಕೆ ಕೂತ್ರೆ ಇಬ್ಬರೂ ಪೈಪೋಟಿ. ಅಣ್ಣ ಗಟ್ಟಿ ರೊಟ್ಟಿ ಹಾಕಿಸ್ಕೊಂಡ್ರೆ ತಮ್ಮ ಎರಡು ಹಾಕಿಸ್ಕೊಳ್ತಾರೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನಗೋದಾದ್ರೂ ಹೇಗೆ ಅಂತೀರಿ? ಅಣ್ಣನ ಹಲ್ಲಲ್ಲಿ ತಮ್ಮ ನಗ್ತಿದಾರೆ, ತಮ್ಮನ ಹಲ್ಲಲ್ಲಿ ಅಣ್ಣ ನಗ್ತಿದಾರೆ!"

ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದರು.

"ಆಮೇಲೆ?" ಎಂದರು.

ಮಾವ ಅರೆಗಳಿಗೆ ತಡೆದರು. ಆಮೇಲೆ ಮುಂದುವರಿಸಿದರು. "ಆಮೇಲೆ ಒಂದು ದಿನ ಅಣ್ಣನಿಗೆ ಸೀನು ಬಂತು. ಎಂಥ ಸೀನು ಅಂತೀರಿ! ಹಲ್ಲಿನ ಸೆಟ್ಟು ಹಾರಿ ಮೇಜಿನ ಮೇಲೆ, ಸೀದಾ ನಮ್ಮ ಬೀಗರ ತಟ್ಟೆಗೆ. ಬೀಗರು ಅದನ್ನ ನೋಡಿದ್ರು. ತಿರುಗಿಸಿ ನೋಡಿದ್ರು. ಬಾಯಿಂದ ತಮ್ಮದು ತೆಗೆದು ಪಕ್ಕಕ್ಕಿಟ್ಟರು. ಇದನ್ನ ಹಾಕ್ಕೊಂಡ್ರು. ಸರಿಯಾಗಿ ಕೂತ್ಕೊಂಡಿತು! ಅಷ್ಟು ವರ್ಷಗಳ ಮೇಲೆ ಅಣ್ಣನ ಬಾಯಿಂದ ತಮ್ಮನಿಗೆ ಬಂದ ಮೊದಲ ಮಾತು ಏನು ಗೊತ್ತಾ ಅಮ್ಮಾ? 'ಕಳ್ಳ, ನನ್ನ ಹಲ್ಲು ಕೊಡೋ!'"

ಮೇಷ್ಟ್ರ ಹೆಂಡತಿ ನಕ್ಕರು. ಕೈ ಅಡ್ಡ ಹಿಡಿಯುವುದನ್ನೂ ಮರೆತು, ಮೈ ಕುಲುಕಿಸಿ, ಗಟ್ಟಿಯಾಗಿ ನಕ್ಕರು. ನನಗೂ ತಡೆಯಲಾಗಲಿಲ್ಲ, ನನ್ನ ಅಪ್ಪನ ಮಾನ ಹೋದರೆ ಹೋಗಲಿ. ಮಾವ ಕೈ ಗಾಳಿಯಲ್ಲೇ ನಿಲ್ಲಿಸಿಕೊಂಡು ನಮ್ಮಿಬ್ಬರನ್ನೂ ನೋಡುತ್ತಿದ್ದರು. ನಗುತ್ತ ನಗುತ್ತ ಆ ಹೆಂಗಸಿಗೆ ಯಾವಾಗ ಅಳು ಬಂತೋ ತಿಳಿಯಲಿಲ್ಲ. ಅಂಗೈಯಿಂದ ಕಣ್ಣು ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಆಮೇಲೆ ನಮ್ಮ ಕಡೆಯಿಂದ ಮುಖ ತಿರುಗಿಸಿ, ಕಿಟಕಿಯ ಹತ್ತಿರದ ಆ ಬೆತ್ತದ ಕುರ್ಚಿಗೆ ಹೇಳಿದರು.

"ಇಷ್ಟು ಚೆನ್ನಾಗಿತ್ತಲ್ರೀ. ನಿಂತು ಕೇಳ್ಕೊಂಡು ಹೋಗ್ಬಾರ್ದಿತ್ತೇನ್ರೀ?"